ಕಲ್ಲಿಗೆ ಬಡಿದ ಯಂತ್ರ ಸೊರಗುವುದೇಕೆ?

ನಮ್ಮ ಸದಸ್ಯರೆಲ್ಲ ಕಾಫಿ, ಅಡಿಕೆ ತೋಟಗಳವರು. ಆದರೂ ಈ ಸಲ ರಾಯಚೂರು ಜಿಲ್ಲೆ ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳತ್ತ ಓದುಗರ ಗಮನ ಸೆಳೆಯಬಯಸುತ್ತೇವೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಪುನರ್ವಸತಿ ಕಲ್ಪಿಸಿದ ಈ ಊರುಗಳು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯಲ್ಲಿವೆ. ಕಾಲುವೆಗೆ ನೀರು ಬಂದ ಮೇಲೆ ಗದ್ದೆ ಹದಮಾಡಲು ಸಿಗುವ ದಿನಗಳು ಎಣಿಕೆಯವು. ಅಂಥ ಹೊತ್ತಿನಲ್ಲಿ ಟ್ರ್ಯಾಕ್ಟರಿನ ರೋಟವೇಟರು ಕೆಸರಲ್ಲಿ ಹುದುಗಿದ ಕಲ್ಲಿಗೋ ಜಾಲಿಯ ಬೊಡ್ಡೆಗೋ ಬಡಿದರೆ ನಾಟಿಯೇ ಹಿಂದೆ ಬೀಳುತ್ತದೆ. ಮಳೆಗಾಲದ ಕಳೆಯ ನಡುವೆ ಸಿಲ್ವರ್ ಓಕ್ ಬೊಡ್ಡೆಗೆ ಯಂತ್ರ ತಗುಲಿದಾಗ ನಮ್ಮ ಪಾಡೂ ಇದೇ.

ಬಡಿದ ಕೂಡಲೇ ಎಂಜಿನು ನಿಲ್ಲಿಸತಕ್ಕದ್ದು. ಪೆಟ್ರೋಲ್ ಯಂತ್ರವಾದರೆ ಸ್ಪಾರ್ಕ್ ಪ್ಲಗ್ಗಿನ ವಯರನ್ನೂ ಕಳಚಬೇಕು. ಅದಕ್ಕೆ ಮೊದಲು ಬ್ಲೇಡಿನ ಬಳಿ ಕೈ ಹಾಕಕೂಡದು.

ಟ್ರ್ಯಾಕ್ಟರಿನಲ್ಲಿ ಮೊದಲ ಪರೀಕ್ಷೆ ಸುಲಭ. ರೋಟವೇಟರನ್ನು ಬಿಚ್ಚಿಟ್ಟು ಟ್ರ್ಯಾಕ್ಟರನ್ನು ಮಾತ್ರ ಏರಿನಲ್ಲಿ ಓಡಿಸಿ ನೋಡಿ. ಸಲೀಸಾಗಿ ಎಳೆದರೆ ದೋಷ ಹಿಂದಿನ ಸಲಕರಣೆಯಲ್ಲಿದೆ. ಪಿ.ಟಿ.ಓ. ತಿರುಗಿಯೂ ರೋಟವೇಟರು ತಿರುಗದಿದ್ದರೆ ಶಿಯರ್ ಬೋಲ್ಟ್ ತುಂಡಾಗಿರಬಹುದು, ಇಲ್ಲವೇ ಸ್ಲಿಪ್ ಕ್ಲಚ್ ಜಾರುತ್ತಿರಬಹುದು. ತಿರುಗಿದರೂ ಎಂಜಿನು ಏದುತ್ತಿದ್ದರೆ ಬಾಗಿದ ಬ್ಲೇಡು, ಕೆಟ್ಟ ಬೇರಿಂಗು, ಶಾಫ್ಟಿಗೆ ಸುತ್ತಿದ ತಂತಿ ಅಥವಾ ಹಗ್ಗವನ್ನು ಹುಡುಕಬೇಕು. ಶಿಯರ್ ಬೋಲ್ಟ್ ಇರುವುದೇ ತಾನು ಮುರಿದು ಗೇರುಪೆಟ್ಟಿಗೆಯನ್ನು ಉಳಿಸಲಿಕ್ಕೆ. ಮುರಿಯದಿರಲೆಂದು ಅದರ ಜಾಗಕ್ಕೆ ಗಟ್ಟಿ ಬೋಲ್ಟ್ ಹಾಕಿದರೆ ಮುಂದಿನ ಪೆಟ್ಟು ಗೇರಿಗೇ ಬೀಳುತ್ತದೆ.

ಒಂಟಿ ಟ್ರ್ಯಾಕ್ಟರೂ ಸೊರಗಿದರೆ ಡೀಸೆಲಿನ ದಾರಿ ನೋಡಿ. ಕುಲುಕಿದ ಟ್ಯಾಂಕಿನ ತಳದ ಕಸ ಮೇಲೆದ್ದು ಫಿಲ್ಟರು ಕಟ್ಟಿರಬಹುದು. ಪೈಪಿನ ಜೋಡಣೆ ಸಡಿಲಗೊಂಡು ಗಾಳಿ ಸೇರಿರಬಹುದು.

ಬ್ಲೇಡು ನೇರವಾಗಿ ಕ್ರ್ಯಾಂಕ್ ಶಾಫ್ಟಿಗೇ ಕೂತಿರುವ, ತಳ್ಳಿಕೊಂಡು ಹೋಗುವ ಪೆಟ್ರೋಲ್ ಹುಲ್ಲುಯಂತ್ರದ ಕಥೆ ಬೇರೆ. ಬ್ಲೇಡು ತಟ್ಟನೆ ನಿಂತರೂ ಭಾರವಾದ ಫ್ಲೈವೀಲು ತನ್ನ ವೇಗದಲ್ಲೇ ತಿರುಗಲು ಹವಣಿಸುತ್ತದೆ. ಅವೆರಡರ ನಡುವಿನ ಮೆದು ಲೋಹದ ಸಣ್ಣ ಕೀ ಆಗ ಅರ್ಧ ಕತ್ತರಿಸಿಹೋಗುತ್ತದೆ. ಫ್ಲೈವೀಲು ಕೊಂಚ ಸರಿದರೆ ಸಾಕು, ಕಿಡಿ ಹಾರುವ ಸಮಯ ತಪ್ಪುತ್ತದೆ. ಯಂತ್ರ ಸ್ಟಾರ್ಟ್ ಆಗಲು ಹಟ ಮಾಡುತ್ತದೆ, ಹಗ್ಗ ಕೈಯನ್ನೇ ಹಿಂದಕ್ಕೆ ಎಳೆಯುತ್ತದೆ, ಸೈಲೆನ್ಸರಿನಲ್ಲಿ ಪಟಾಕಿ ಸದ್ದು ಬರುತ್ತದೆ, ಶಕ್ತಿ ಇರುವುದಿಲ್ಲ. ಆಗ ಕಾರ್ಬುರೇಟರನ್ನು ಎಷ್ಟು ತೊಳೆದರೂ ಫಲವಿಲ್ಲ. ಫ್ಲೈವೀಲು ತೆಗೆಸಿ ಅದೇ ಅಳತೆಯ, ಅದೇ ಲೋಹದ ಹೊಸ ಕೀ ಹಾಕಿಸಿದರೆ ಅಲ್ಪ ಖರ್ಚಿನಲ್ಲಿ ಕೆಲಸ ಮುಗಿಯುತ್ತದೆ. ಆ ಮೇಲೂ ಯಂತ್ರ ಅದುರಿದರೆ ಬ್ಲೇಡು ಅಥವಾ ಕ್ರ್ಯಾಂಕ್ ಶಾಫ್ಟ್ ಬಾಗಿದೆಯೆಂದು ತಿಳಿದು ಓಡಿಸುವುದನ್ನು ನಿಲ್ಲಿಸಬೇಕು.

ಹೆಗಲಿಗೆ ಹಾಕಿಕೊಳ್ಳುವ ಕಳೆಯಂತ್ರದಲ್ಲಿ ಎಂಜಿನಿಗೂ ಬ್ಲೇಡಿಗೂ ನಡುವೆ ಕ್ಲಚ್ ಇರುವುದರಿಂದ ಪೆಟ್ಟು ಹೆಚ್ಚಾಗಿ ಕ್ಲಚ್, ಒಳಶಾಫ್ಟು, ತುದಿಯ ಗೇರುಗಳ ಮೇಲೆ ಬೀಳುತ್ತದೆ. ಎಂಜಿನು ಅರಚಿಕೊಂಡರೂ ಬ್ಲೇಡು ನಿಧಾನವಾಗಿದ್ದರೆ ಅಲ್ಲೇ ನೋಡಿ. ಬಿರುಕು ಬಿಟ್ಟ ಬ್ಲೇಡನ್ನು ವೆಲ್ಡಿಂಗ್ ಮಾಡಿಸಿ ಹಾಕಲೇಬಾರದು. ಸಿಡಿದ ಚೂರು ಕೆಲಸದಾಳಿನ ಕಣ್ಣು, ಕಾಲು ತೆಗೆದೀತು.

ಕಳೆ ಹೊಡೆಯುವ ಮುನ್ನ ಒಮ್ಮೆ ಸಾಲಿನಲ್ಲಿ ನಡೆದು ಬೊಡ್ಡೆಗಳ ಪಕ್ಕ ಗೂಟ ನೆಡಿಸಿ, ಸುಣ್ಣ ಬಳಿಸಿ. ಒಂದು ಬೆಳಗಿನ ಈ ಕೆಲಸ ವಾರಗಟ್ಟಲೆ ಗ್ಯಾರೇಜಿಗೆ ಅಲೆಯುವುದನ್ನು ತಪ್ಪಿಸುತ್ತದೆ. ಯಂತ್ರ ಬಡಿದಿದ್ದನ್ನು ಆಳು ಅಂಜದೆ ಬಂದು ಹೇಳುವಂತೆ ನಡೆದುಕೊಳ್ಳುವುದೂ ಯಜಮಾನರ ಜವಾಬ್ದಾರಿಯೆಂದು ನಾವು ಭಾವಿಸುತ್ತೇವೆ.