ಬೀಸುಕಲ್ಲನ್ನೂ ಬಿಡದ ದಂಡು

ಐ.ಡಿ.ಹಳ್ಳಿಯ ಕಡೆಯಿಂದ ಮಧುಗಿರಿಗೆ ಬಂದವರು ಏಕಶಿಲಾ ಬೆಟ್ಟದ ಕೋಟೆ ನೋಡುತ್ತಾರೆ, ದಂಡಿನ ಮಾರಮ್ಮನಿಗೆ ಕೈಮುಗಿಯುತ್ತಾರೆ. ದಂಡು ಈ ಸೀಮೆಗೆ ಹೊಸದಲ್ಲ. 1687ರಲ್ಲಿ ಶಿರಾ ಮೊಗಲರ ಕೈಸೇರಿತು. ಆಮೇಲೆ ಮರಾಠರು, ಹೈದರಾಲಿ. ಬಿದನೂರಿನ ರಾಣಿ ವೀರಮ್ಮಾಜಿಯನ್ನು ಹೈದರ್ ಸೆರೆಯಿಟ್ಟದ್ದು ಮಧುಗಿರಿ ಕೋಟೆಯಲ್ಲೇ. 1767ರಲ್ಲಿ ಮರಾಠರು ಬಂದು ಬಿಡಿಸಿದರು. ಕೋಟೆ ಗೆದ್ದವರ ಹೆಸರಿಗೆ ಗೆಜೆಟಿಯರ್ ಇದೆ. ದಂಡು ಹಾದ ಊರುಗಳಲ್ಲಿ ಯಾರ ಮನೆಯದು ಏನು ಹೋಯಿತೆಂಬುದಕ್ಕೆ ಹಾಡನ್ನೇ ಕೇಳಬೇಕು.

ಹತ್ತನೇ ತರಗತಿಯ ಕನ್ನಡ ಪಠ್ಯದಲ್ಲಿ ಓದಿದ 'ಹಲಗಲಿ ಬೇಡರು' ಲಾವಣಿ ಹಲವರಿಗೆ ನೆನಪಿರಬಹುದು. ಹಲಗಲಿ ಇರುವುದು ಮುಧೋಳದ ಸೀಮೆಯಲ್ಲಿ. 1857ರಲ್ಲಿ ಕುಂಪಣಿ ಸರ್ಕಾರ ಆಯುಧ ಒಪ್ಪಿಸಿ ಎಂದಿತು, ಬೇಡರು ಒಲ್ಲೆವೆಂದರು. ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಸೆರೆಸಿಕ್ಕವರನ್ನು ಗಲ್ಲಿಗೇರಿಸಿದರು. ಈ ಲಾವಣಿಯನ್ನು ಬರೆಸಿಕೊಂಡು ಅಚ್ಚುಹಾಕಿಸಿದವನು ಜೆ.ಎಫ್. ಫ್ಲೀಟ್, ಬ್ರಿಟಿಷ್ ಸರ್ಕಾರದ್ದೇ ಅಧಿಕಾರಿ. ತಮ್ಮ ಮೇಲಿನ ದೂರನ್ನು ತಾವೇ ಜೋಪಾನ ಮಾಡಿದಂತಾಯಿತು!

ಪರೀಕ್ಷೆಗೆ ಬರುವುದು ಹೆಚ್ಚಾಗಿ ಬೇಡರ ಶೌರ್ಯ. ನನ್ನ ಮಟ್ಟಿಗೆ ಲಾವಣಿಯ ಜೀವ ಇರುವುದು ಸೂರೆಯ ಭಾಗದಲ್ಲಿ. ಅಲ್ಲಿ ಲಾವಣಿಕಾರ ಕತ್ತಿ ಗುರಾಣಿ ಬಿಟ್ಟು ಅಡುಗೆಮನೆಗೆ ನುಗ್ಗುತ್ತಾನೆ. ಹಾಲು, ಬೆಣ್ಣೆ, ಅಕ್ಕಿ, ಉಪ್ಪು, ಅರಿಶಿನ, ಹೆಂಗಸರ ತಾಳಿ, ಕಡೆಗೆ ಬೀಸುಕಲ್ಲು ಕೂಡ ದಂಡಿನ ಪಾಲು. ಉಪ್ಪು ಹೋದರೆ ಅಕ್ಕಪಕ್ಕದವರಲ್ಲಿ ಸಾಲ ತರಬಹುದು. ಅಷ್ಟು ಭಾರದ ಕಲ್ಲನ್ನೂ ಹೊತ್ತೊಯ್ದ ಊರಿನಲ್ಲಿ ನಾಳೆಯ ಹಿಟ್ಟೇ ಇಲ್ಲ. ಯುದ್ಧ ಕೆಟ್ಟದ್ದು ಎಂದು ಲಾವಣಿಕಾರ ಎಲ್ಲೂ ಉಪದೇಶ ಮಾಡುವುದಿಲ್ಲ. ಸಾಮಾನಿನ ಪಟ್ಟಿ ಓದುತ್ತಾನೆ, ಅಷ್ಟೆ.

ಹೆಂಗಸರು ಹಾಡು ಕಟ್ಟುತ್ತಿದ್ದುದು, ಮಗಳಿಗೆ ದಾಟಿಸುತ್ತಿದ್ದುದು ಆ ಬೀಸುಕಲ್ಲಿನ ಮುಂದೆಯೇ. ಜನಪದರ 'ಕೆರೆಗೆ ಹಾರ' ಕಥನಗೀತೆಯಲ್ಲಿ ಕೆರೆಗೆ ನೀರು ಬರಲೆಂದು ಬಲಿಯಾದ ಕಿರಿಸೊಸೆ ಭಾಗೀರಥಿಗಾಗಿ ಎಲ್ಲರೂ ಮರುಗುತ್ತಾರೆ. ಆ ಹೊತ್ತಿಗೆ ಅವಳ ಗಂಡ ಮಾದೇವರಾಯ ದಂಡಿನಲ್ಲಿದ್ದ ಎಂಬುದು ಮಾತ್ರ ಮರೆತುಹೋಗುತ್ತದೆ. ಕೇಳಬೇಕಾದವನು ಊರಲ್ಲಿಲ್ಲದಾಗ ಮಾವ ಎಂಥ ತೀರ್ಮಾನ ಬೇಕಾದರೂ ಮಾಡಬಹುದಿತ್ತು. ಕೆಟ್ಟ ಕನಸು ಕಂಡು ಓಡಿಬಂದವನು ಅದೇ ಕೆರೆಗೆ ಹಾರುತ್ತಾನೆ. ಕೆರೆ ನಂಬಿದ ಮಧುಗಿರಿ, ಪಾವಗಡದವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಂಡಿಗೆ ಹೋದವರ ಹಾಡು ಬೇರೆ ದೇಶಗಳಲ್ಲೂ ಇದೆ. ಅಮೆರಿಕದ ಹಾಡುಗಾರ ಪೀಟ್ ಸೀಗರ್ 1955ರಲ್ಲಿ ಹೂಗಳೆಲ್ಲ ಎಲ್ಲಿ ಹೋದವೆಂದು ಕೇಳುವ ಹಾಡು ಬರೆದ. ಅದರ ಬೀಜ ಸಿಕ್ಕಿದ್ದು ರಷ್ಯಾದ ಶೋಲೊಖೋವ್ ಕಾದಂಬರಿಯೊಳಗಿನ ಕೊಸಾಕ್ ಜನಪದ ಹಾಡಿನಲ್ಲಿ. ವಿಯೆಟ್ನಾಂ ಯುದ್ಧದ ಕಾಲಕ್ಕೆ ಅದು ಲೋಕದ ಬಾಯಲ್ಲಿತ್ತು. ಅಲ್ಲೂ ಲೆಕ್ಕಕ್ಕೆ ಬರುವವರು ಹೆಣ್ಣುಮಕ್ಕಳು, ಅವರ ಗಂಡಂದಿರು.

ನಮ್ಮಲ್ಲಿ ರಾಗಿ ಮಿಷನ್ನು ಬಂದ ಮೇಲೆ ಬೀಸುವ ಪದಕ್ಕೆ ಹೊತ್ತೇ ಇಲ್ಲದಾಯಿತು. ಹಾಡು ದಾಟಿಸುವ ಅಜ್ಜಿಯ ಕೆಲಸ ಈಗ ಕನ್ನಡ ಮೇಷ್ಟ್ರ ತಲೆಗೆ ಬಿದ್ದಿದೆ. ಹಲಗಲಿಯ ಪಾಠ ಮಾಡುವವರು ಸೂರೆಯ ಸಾಲುಗಳಿಗೆ ಬಂದಾಗ ಒಂದು ನಿಮಿಷ ಪುಸ್ತಕ ಮುಚ್ಚಿಸಿ, ನಿಮ್ಮ ಮನೆಯಲ್ಲಿ ಏನೇನಿದೆ ಬರೆಯಿರಿ ಎಂದು ಮಕ್ಕಳಿಗೆ ಹೇಳಿ ನೋಡಬಹುದು.