ಕಾರಿನಡಿ ಬಿದ್ದ ಹಸಿರು ಹನಿ

ಅಮ್ಮನ ಕಣ್ಣಿನ ಪೊರೆ ಆಪರೇಷನ್ ಇತ್ತು. ಸೋಮವಾರ ಬೆಳಿಗ್ಗೆ ಮಣಿಪಾಲದಲ್ಲಿರಬೇಕು. ಅದಕ್ಕೆಂದೇ ಒಂದು ವಾರ ‘ವರ್ಕ್ ಫ್ರಮ್ ಹೋಮ್’ ಕೇಳಿಕೊಂಡು, ಶುಕ್ರವಾರ ಬೆಂಗಳೂರಿನಿಂದ ಹೊರಟು ರಾತ್ರಿ ಮಂಕಿಯ ಮನೆ ತಲುಪಿದ್ದೆ. ಬೆಳಿಗ್ಗೆ ಎಬ್ಬಿಸಿದ್ದು ಅಪ್ಪ.

“ಏಳೋ, ನಿನ್ನ ಕಾರಿನಡಿ ಎಂತದೋ ಹಸಿರು ಹನಿ ಬೀಳ್ತಾ ಇದೆ.”

“ಎಸಿ ನೀರು ಅಪ್ಪ. ಎಲ್ಲಾ ಕಾರಲ್ಲೂ ಬೀಳ್ತದೆ.”

“ಎಸಿ ನೀರು ಹಸಿರು ಇರ್ತದಾ?”

ಎದ್ದು ಹೋಗಿ ನೋಡಿದೆ. ಅಂಗಳದ ಸಿಮೆಂಟಿನ ಮೇಲೆ ಅಂಗೈಯಗಲ ಹಸಿರು ಕಲೆ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ಅಕ್ಕನ ಮಗಳು ಅದಕ್ಕೆ ಬೆರಳು ಅದ್ದಲು ತಯಾರಾಗಿದ್ದಳು. ಅವಳನ್ನು ಎತ್ತಿ ಒಳಗೆ ಬಿಟ್ಟು ಬಂದೆ. ನಿಜ ಹೇಳಬೇಕೆಂದರೆ ಅದು ಕೂಲಂಟ್ ಅಂತ ನನಗೆ ಮೊದಲೇ ಗೊತ್ತಿತ್ತು. ಎರಡು ತಿಂಗಳಿಂದ ಬಾನೆಟ್ ಒಳಗಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಟ್ಟ ಇಳಿಯುತ್ತಿತ್ತು. ನಾನು ನಲ್ಲಿ ನೀರು ಸುರಿದು ಮುಚ್ಚಳ ಹಾಕುತ್ತಿದ್ದೆ.

ಆಫೀಸಿನಲ್ಲಿ ಯಾವುದೋ ಸರ್ವರ್‌ನಲ್ಲಿ ಮೆಮೊರಿ ಲೀಕ್ ಇದ್ದಾಗ ದಿನಾ ರಾತ್ರಿ ರೀಸ್ಟಾರ್ಟ್ ಮಾಡಿ ಸುಮ್ಮನಾಗುವವರನ್ನು ನಾನೇ ಬೈಯುತ್ತೇನೆ. ನನ್ನ ಕಾರಿಗೆ ಮಾಡುತ್ತಿದ್ದುದೂ ಅದೇ.

ಸೋರುವುದಕ್ಕೇ ಇರುವ ತೂತು

ಪರಿಚಯದ ಮೆಕ್ಯಾನಿಕ್ ಒಬ್ಬರು ಮನೆಗೇ ಬಂದರು. ಎಂಜಿನ್ ತಣ್ಣಗಿದೆ ಅಂತ ಖಾತ್ರಿ ಮಾಡಿಕೊಂಡು ಬೆಲ್ಟಿನ ಕಡೆಗೆ ಟಾರ್ಚ್ ಬಿಟ್ಟರು. ವಾಟರ್ ಪಂಪಿನ ಕೆಳಗೆ ಉಪ್ಪು ಒಣಗಿದ ಹಾಗೆ ಬಿಳಿ-ಹಸಿರು ಪೊರೆ ಕಟ್ಟಿತ್ತು.

“ನೋಡು ತಮ್ಮಾ, ಇಲ್ಲೊಂದು ಸಣ್ಣ ತೂತು ಇದೆ. ಇಲ್ಲಿಂದ ಸೋರ್ತಾ ಇದೆ.”

“ಅದಕ್ಕೇನಾದ್ರೂ ಮೆತ್ತಿ ಮುಚ್ಚೋಕೆ ಆಗಲ್ವಾ ಅಣ್ಣಾ? ಸೋಮವಾರ ಮಣಿಪಾಲಕ್ಕೆ ಹೋಗ್ಬೇಕು.”

ಅವರು ನಕ್ಕರು. “ಆ ತೂತು ಇರೋದೇ ಸೋರೋದಕ್ಕೆ.”

ಅದರ ಹೆಸರು ವೀಪ್ ಹೋಲ್. ವಾಟರ್ ಪಂಪ್ ಅಂದರೆ ಒಂದು ಶಾಫ್ಟು. ಅದರ ಒಂದು ತುದಿಗೆ ಬೆಲ್ಟ್ ತಿರುಗಿಸುವ ಪುಲ್ಲಿ, ಇನ್ನೊಂದು ತುದಿಗೆ ಕೂಲಂಟನ್ನು ತಳ್ಳುವ ರೆಕ್ಕೆಚಕ್ರ. ನಡುವೆ ಬೇರಿಂಗ್, ಮತ್ತು ಬೇರಿಂಗಿಗೆ ಕೂಲಂಟ್ ತಾಗದಂತೆ ತಡೆಯುವ ಸೀಲ್. ಸೀಲ್ ಸವೆದರೆ ಒಳಬಂದ ಕೂಲಂಟ್ ಬೇರಿಂಗಿನತ್ತ ಹೋಗದೆ ಹೊರಗೆ ಬೀಳಲಿ ಅಂತ ಕಂಪನಿಯವರೇ ಆ ತೂತು ಬಿಟ್ಟಿರುತ್ತಾರೆ. ಅಂದರೆ ಅದು ಎಚ್ಚರಿಕೆಯ ಗಂಟೆ. ಅದನ್ನು ಮುಚ್ಚಿದರೆ ಸೋರಿಕೆ ನಿಲ್ಲುವುದಿಲ್ಲ, ಸುದ್ದಿ ಮಾತ್ರ ನಿಲ್ಲುತ್ತದೆ.

ಪುಲ್ಲಿಯನ್ನು ಕೈಯಲ್ಲಿ ಅಲ್ಲಾಡಿಸಿದರು. ಸ್ವಲ್ಪ ಆಟ ಇತ್ತು. ಬೇರಿಂಗೂ ಹೋಗುತ್ತಿದೆ ಅಂತ ಅರ್ಥ.

ಅಷ್ಟರಲ್ಲಿ ಪಕ್ಕದ ಮನೆಯ ಮಾವ ಬಂದು, “ರೇಡಿಯೇಟರಿಗೆ ಅರಿಶಿನ ಪುಡಿ ಹಾಕು, ನಿಲ್ತದೆ” ಅಂದರು. ಅಂಬಾಸಿಡರ್ ಕಾಲದ ಉಪಾಯ ಅದು. ರೇಡಿಯೇಟರಿನ ಸೂಜಿಮೊನೆಯಷ್ಟು ತೂತಿಗೆ ಪುಡಿ ಕಚ್ಚಿಕೊಂಡು ತಾತ್ಕಾಲಿಕವಾಗಿ ನಿಂತರೂ ನಿಂತೀತು. ಆದರೆ ತಿರುಗುವ ಶಾಫ್ಟಿನ ಸೀಲಿಗೆ ಅದು ಉಪಯೋಗವಿಲ್ಲ. ಮೇಲಾಗಿ ಹೀಟರಿನ ಸಣ್ಣ ನಳಿಕೆಗಳು ಕಟ್ಟಿಕೊಳ್ಳುತ್ತವೆ.

ಇಳಿಯುವಾಗ ಬಚಾವ್

ನನ್ನ ವಾದ ಒಂದೇ: “ಬೆಂಗಳೂರಿನಿಂದ ಇಲ್ಲಿವರೆಗೆ ಬಂದಿದೆ, ಮಣಿಪಾಲ ಯಾವ ಲೆಕ್ಕ? ಎರಡು ಬಾಟ್ಲಿ ನೀರು ಇಟ್ಕೊಂಡು ಹೋಗೋಣ.”

ಮೆಕ್ಯಾನಿಕ್ ಕೇಳಿದರು: “ಗೇರುಸೊಪ್ಪೆ ಘಾಟಿ ಇಳಿದು ಬಂದ್ಯಲ್ಲ? ಇಳಿಯುವಾಗ ಎಂಜಿನ್‌ಗೆ ಎಂತ ಕೆಲಸ? ವಾಪಸ್ ಹೋಗುವಾಗ ಹತ್ತಬೇಕು.”

ಆ ಮಾತಿಗೆ ಉತ್ತರ ಇರಲಿಲ್ಲ. ಎಂಜಿನ್ ಸಾಮಾನ್ಯವಾಗಿ 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಸಾದಾ ನೀರು ಕುದಿಯುವುದು 100ಕ್ಕೆ. ಕೂಲಂಟಿನ ಗ್ಲೈಕಾಲ್ ಮತ್ತು ಮುಚ್ಚಳ ಹಿಡಿದಿಡುವ ಒತ್ತಡ ಸೇರಿ ಕುದಿಬಿಂದುವನ್ನು 120ರ ಆಚೆ ತಳ್ಳುತ್ತವೆ. ನಾನು ಸುರಿದಷ್ಟೂ ನೀರು ಗ್ಲೈಕಾಲನ್ನು ತೆಳು ಮಾಡಿತ್ತು. ಘಾಟಿಯ ಏರಿನಲ್ಲಿ ಪಂಪ್ ಕೈಕೊಟ್ಟಿದ್ದರೆ ಸಿಲಿಂಡರ್ ಹೆಡ್ ಬಾಗಿ, ಗ್ಯಾಸ್ಕೆಟ್ ಹೋಗಿ, ರಿಪೇರಿ ಖರ್ಚು ಎಷ್ಟೋ ಪಟ್ಟು ಆಗುತ್ತಿತ್ತು. ಮಣಿಪಾಲದ ದಾರಿಯಲ್ಲಿ ಘಾಟಿಯಂಥ ಏರಿಲ್ಲ, ನಿಜ. ಆದರೆ ಬೇರಿಂಗ್ ಜಾಮ್ ಆಗಿ ಬೆಲ್ಟ್ ಹರಿಯಲು ಏರು ಬೇಕಿಲ್ಲ. ಆಪರೇಷನ್ ಆದ ಕಣ್ಣಿಗೆ ಬ್ಯಾಂಡೇಜ್ ಕಟ್ಟಿಕೊಂಡ ಅಮ್ಮ ಹೆದ್ದಾರಿ ಬದಿಯಲ್ಲಿ ಬಿಸಿಲಿಗೆ ನಿಲ್ಲುವ ಚಿತ್ರ ಕಣ್ಣ ಮುಂದೆ ಬಂತು.

ಅಪ್ಪ ಏನೂ ಹೇಳದೆ ಫೋನ್ ತೆಗೆದು ಬಾಡಿಗೆ ಕಾರಿಗೆ ಹೇಳಿದರು. ಸೋಮವಾರ ಹೋಗಿ ಬಂದೆವು. ಆಪರೇಷನ್ ಚೆನ್ನಾಗಿ ಆಯ್ತು.

ರಿಪೇರಿ ಹೀಗಿತ್ತು

ಹೊಸ ಪಂಪ್ ತರಿಸಲು ಎರಡು ದಿನ ಹಿಡಿಯಿತು. ಬುಧವಾರ ಮಧ್ಯಾಹ್ನ ಕೆಲಸ. ಹಳೇ ಕೂಲಂಟನ್ನು ಕ್ಯಾನಿಗೆ ಇಳಿಸಿ, ಬೆಲ್ಟ್, ಪುಲ್ಲಿ, ಬೋಲ್ಟು ಬಿಚ್ಚಿ ಪಂಪ್ ಹೊರತೆಗೆದರು. ಎಂಜಿನ್ ಮೇಲೆ ಅಂಟಿದ್ದ ಹಳೇ ಗ್ಯಾಸ್ಕೆಟ್ ಕೆರೆದು ತೆಗೆಯಲು ಅರ್ಧ ಗಂಟೆ. “ಇಲ್ಲಿ ಅವಸರ ಮಾಡಿದ್ರೆ ಹೊಸ ಪಂಪೂ ಸೋರ್ತದೆ” ಅಂದರು. ಬೋಲ್ಟುಗಳನ್ನು ಒಂದಾದ ಮೇಲೆ ಎದುರಿನದು ಅನ್ನುವ ಹಾಗೆ ಸ್ವಲ್ಪ ಸ್ವಲ್ಪವೇ ಬಿಗಿದರು. ಬೆಲ್ಟೂ ಹೊಸದು.

ಅಮ್ಮ ಬಾವಿ ನೀರಿನ ಕೊಡ ತಂದಿಟ್ಟರೆ ಮೆಕ್ಯಾನಿಕ್ ಬೇಡ ಅಂದರು. ನಮ್ಮದು ಕಡಲ ಬದಿಯ ಊರು, ಬೇಸಿಗೆಯಲ್ಲಿ ಬಾವಿಗೆ ಸವುಳು ಬರುತ್ತದೆ. ಉಪ್ಪಿನಂಶ ಅಲ್ಯುಮಿನಿಯಂ ತಿನ್ನುತ್ತದೆ. ಡಿಸ್ಟಿಲ್ಡ್ ನೀರು ಅರ್ಧ, ಕೂಲಂಟ್ ಅರ್ಧ ಬೆರೆಸಿ ತುಂಬಿಸಿ, ಫ್ಯಾನ್ ತಾನಾಗಿ ತಿರುಗುವವರೆಗೆ ಎಂಜಿನ್ ಓಡಿಸಿ ಒಳಗಿನ ಗಾಳಿ ಹೊರಹಾಕಿದರು. ಎಲ್ಲಾ ಸೇರಿ ನಾಲ್ಕೂವರೆ ಸಾವಿರ ರೂಪಾಯಿ.

ನನ್ನ ಕಾರಿನಲ್ಲಿ ಪಂಪ್ ಹೊರಗಿನ ಬೆಲ್ಟಿನಲ್ಲಿ ತಿರುಗುತ್ತದೆ. ಕೆಲವು ಕಾರುಗಳಲ್ಲಿ ಅದನ್ನು ಟೈಮಿಂಗ್ ಬೆಲ್ಟೇ ತಿರುಗಿಸುತ್ತದೆ. ಅಂಥವಕ್ಕೆ ಕೆಲಸ ಜಾಸ್ತಿ, ಟೈಮಿಂಗ್ ಬೆಲ್ಟ್ ಬದಲಿಸುವಾಗಲೇ ಪಂಪನ್ನೂ ಬದಲಿಸುವುದು ಜಾಣತನ.

ನೀವು ನೋಡಬೇಕಾದ್ದು

- ರಾತ್ರಿ ಕಾರಿನಡಿ ರಟ್ಟು ಹಾಸಿಡಿ. ಎಸಿ ನೀರಿಗೆ ಬಣ್ಣವಿಲ್ಲ. ಕೂಲಂಟಿಗೆ ಬಣ್ಣ, ಸಿಹಿ ವಾಸನೆ, ಸ್ವಲ್ಪ ಜಿಗುಟು.
- ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ಎಂದೂ ತೆಗೆಯಬೇಡಿ. ಒತ್ತಡ ಇಳಿದ ಕೂಡಲೇ ಕೂಲಂಟ್ ಕುದಿದು ಮುಖಕ್ಕೆ ಚಿಮ್ಮುತ್ತದೆ.
- ದಾರಿಯಲ್ಲಿ ಮುಳ್ಳು ಕೆಂಪಿನತ್ತ ಹೋದರೆ ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ, ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ. ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಕೂಲಂಟ್ ಖಾಲಿ ಆಗಿರಬಹುದು. ಆಗ ಮುಳ್ಳನ್ನೂ ನಂಬಬೇಡಿ.
- ಸಾಮಾನ್ಯ ಕೂಲಂಟಿನ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ಮಕ್ಕಳು, ನಾಯಿ, ಬೆಕ್ಕು ನೆಕ್ಕದಂತೆ ಕೂಡಲೇ ತೊಳೆಯಿರಿ. ಹೊಟ್ಟೆಗೆ ಹೋದರೆ ಕಾಯದೆ ಆಸ್ಪತ್ರೆಗೆ ಓಡಿ.

ಭಾನುವಾರ ಗೇರುಸೊಪ್ಪೆ ಘಾಟಿ ಹತ್ತಿದೆ. ಮುಳ್ಳು ಅರ್ಧದಿಂದ ಅಲುಗಲಿಲ್ಲ. ಬೆಂಗಳೂರು ಮುಟ್ಟಿದ ಮರುದಿನ ಬೆಳಿಗ್ಗೆ ಅಪ್ಪನ ಫೋನ್.

“ಕಾರಿನಡಿ ಹನಿ ಬಿದ್ದಿದ್ಯಾ?”

“ಇಲ್ಲ ಅಪ್ಪ.”

“ನೋಡಿ ಹೇಳ್ತಿದ್ದೀಯೋ, ಹಾಗೇ ಹೇಳ್ತಿದ್ದೀಯೋ?”

ಚಪ್ಪಲಿ ಮೆಟ್ಟಿಕೊಂಡು ಬೇಸ್‌ಮೆಂಟಿಗೆ ಇಳಿದೆ. ಬಗ್ಗಿ ನೋಡಿದೆ. ರಟ್ಟು ಒಣಗಿತ್ತು.