ಅತ್ತೆ ತೋರಿಸಿದ ಕವಿಮನೆ

ಚಳ್ಳಕೆರೆ ಕಡೆಯ ಮಾಳಿಗೆ ಮನೆಯಲ್ಲಿ ಬೆಳೆದವಳು ನಾನು. ಕುವೆಂಪು ಅವರ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ ಎರಡು ಸಲ ಓದಿದ್ದರೂ ಅದರೊಳಗಿನ ಮನೆಗಳ ಜಗಲಿ, ಒಳಅಂಗಳ, ಉಪ್ಪರಿಗೆ ಕಣ್ಣಿಗೆ ಕಟ್ಟುತ್ತಿರಲಿಲ್ಲ. ಯಾರು ಎಲ್ಲಿ ಕೂರುತ್ತಾರೆ, ಯಾರ ಮಾತು ಯಾರಿಗೆ ಕೇಳಿಸುತ್ತದೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಈ ಶ್ರಾವಣದಲ್ಲಿ ಕೊಪ್ಪದ ಕಡೆಯವರಾದ ನಮ್ಮತ್ತೆಯ ಜೊತೆ ಕುಪ್ಪಳಿಯ ಕವಿಮನೆಗೆ ಹೋಗಿಬಂದ ಮೇಲೆ ಗೊತ್ತಾಯಿತು.

ತೀರ್ಥಹಳ್ಳಿ ತಾಲ್ಲೂಕಿನ ಈ ಮನೆಯಲ್ಲಿ ಕುವೆಂಪು ಬೆಳೆದರು. ಹುಟ್ಟಿದ್ದು 1904ರಲ್ಲಿ, ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ಶಿಥಿಲವಾಗಿದ್ದ ಮನೆಯನ್ನು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಹಳೆಯ ರೂಪದಲ್ಲೇ ಎತ್ತಿ ನಿಲ್ಲಿಸಿದೆ. ಪುಸ್ತಕ, ಪ್ರಶಸ್ತಿ, ಫೋಟೊಗಳೂ ಇವೆ. ನನ್ನ ಕಾಲು ನಿಂತದ್ದು ಮಾತ್ರ ಅಡುಗೆಮನೆಯಲ್ಲಿ.

“ಇಲ್ಲಿ ನೋಡು ಮಾರಾಯ್ತಿ,” ಅಂದರು ಅತ್ತೆ, ಮಜ್ಜಿಗೆ ಕಡೆಯುವ ಕಂಬದ ಮುಂದೆ ನಿಂತು. “ಬೆಳಗಿನ ಜಾವ ಎದ್ದು ಹಗ್ಗ ಎಳೆದೂ ಎಳೆದೂ ರಟ್ಟೆ ಬಿದ್ದುಹೋಗ್ತಿತ್ತು.” ಬಾಣಂತಿ ಕೋಣೆಯ ಬಾಗಿಲಲ್ಲಿ ದನಿ ತಗ್ಗಿಸಿದರು: “ಇಂಥದೇ ಕತ್ತಲಲ್ಲಿ ನಾನು ಹುಟ್ಟಿದ್ದು.”

ಮಳೆ ಹೊಳವಾಗಿತ್ತು. ನಾಲ್ಕೂ ಕಡೆಯ ಮಾಡಿನಿಂದ ನಡುವಿನ ಅಂಗಳಕ್ಕೆ ಹನಿ ಉದುರುತ್ತಿತ್ತು. ನಾನು ಜಗಲಿಗೆ ಬಂದು ಕೂತೆ. ಒಳಗಿನಿಂದ ಅತ್ತೆ ಮೆಲ್ಲಗೆ ತಮ್ಮಷ್ಟಕ್ಕೆ ಆಡಿಕೊಂಡದ್ದು ಅಂಗಳ ದಾಟಿ ನನ್ನ ಕಿವಿಗೆ ಬಿತ್ತು. ಜಗಲಿಯ ಗಂಡಸರ ಪಂಚಾಯ್ತಿ ಒಲೆಯ ಮುಂದಿನ ಹೆಂಗಸರಿಗೆ ಹೇಗೆ ಮುಟ್ಟುತ್ತದೆ, ಅಷ್ಟು ಜನರಿದ್ದ ಮನೆಯಲ್ಲಿ ಗುಟ್ಟು ಏಕೆ ನಿಲ್ಲುವುದಿಲ್ಲ ಅನ್ನುವುದು ಆ ಗಳಿಗೆಯಲ್ಲಿ ತಿಳಿಯಿತು. ಇಂಥ ಮನೆಯಲ್ಲಿ ಕಿವಿ ತೆರೆದುಕೊಂಡು ಬೆಳೆದ ಹುಡುಗನಿಂದಲೇ ಅಂಥ ಕಾದಂಬರಿಗಳು ಸಾಧ್ಯ ಅನ್ನಿಸಿತು ನನಗೆ.

ಮನೆಯ ಹಿಂದಿನ ಗುಡ್ಡ ಹತ್ತಿದರೆ ಕವಿಶೈಲ. ಕವಿ 1994ರಲ್ಲಿ ಮೈಸೂರಿನಲ್ಲಿ ತೀರಿಕೊಂಡಾಗ ಅಂತ್ಯಕ್ರಿಯೆ ನಡೆದದ್ದು ಇಲ್ಲೇ. ಸುತ್ತ ಎತ್ತಿ ನಿಲ್ಲಿಸಿರುವ ಭಾರೀ ಕಲ್ಲುಗಳು ಕಲಾವಿದ ಕೆ.ಟಿ. ಶಿವಪ್ರಸಾದ್ ಅವರ ಕಲ್ಪನೆ. ಬಂಡೆಯ ಮೇಲೆ ಬಿಎಂಶ್ರೀ, ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಹೆಸರುಗಳನ್ನು ಕೊರೆದಿದೆ. ಕಲ್ಲು ಒದ್ದೆಯಾಗಿತ್ತು, ಅತ್ತೆ ಸೆರಗಿನಿಂದ ಒರೆಸಿ ಓದಿದರು.

ಬಹಳ ಜನ ಕಲ್ಲುಗಳ ನಡುವೆ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಮಲೆನಾಡಿನ ಹಿರಿಯರೊಬ್ಬರು ಮನೆಯಲ್ಲಿದ್ದರೆ ಜೊತೆಗೆ ಕರೆದುಕೊಂಡು ಹೋಗಿ, ಜಗಲಿಯಲ್ಲಿ ಅರ್ಧ ಗಂಟೆ ಸುಮ್ಮನೆ ಕೂತು ಬನ್ನಿ.